ಪೆಡಲ್ ನೆಲಕ್ಕೆ ಹೋದ ದಿನ: ಒಂದು 1966ರ ಮಸ್ಟಾಂಗ್ ಮತ್ತು ಅದರ ಮೊದಲ ಅಪ್‌ಗ್ರೇಡ್‌ಗಳು

ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ. ಡೆಟ್ರಾಯಿಟ್ ಹತ್ತಿರದ ನೋವೈ ಊರಿನಲ್ಲಿ ಒಂದು ಖಾಲಿ ಪಾರ್ಕಿಂಗ್ ಜಾಗ. ಹುಡುಗ ಬ್ರೇಕ್ ಒತ್ತಿದ, ಪೆಡಲ್ ಮೆತ್ತಗೆ ನೆಲಕ್ಕೆ ಹೋಗಿ ಕೂತಿತು. ಮತ್ತೆ ಒತ್ತಿದ, ಅದೇ ಕತೆ. ಗಂಟೆಗೆ 15 ಮೈಲಿ ವೇಗ ಇತ್ತೇನೋ. ನಾನು ಪಕ್ಕದ ಸೀಟಿನಲ್ಲಿದ್ದೆ. "ಹ್ಯಾಂಡ್‌ಬ್ರೇಕ್ ಎಳಿ!" ಅಂತ ಕೂಗಿದೆ. ಅವನ ಕೈ ಎರಡು ಸೀಟಿನ ಮಧ್ಯೆ ಹುಡುಕಿತು. ಈ ಕಾರಿನಲ್ಲಿ ಅದು ಅಲ್ಲಿರೋದಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ, ಸ್ಟಿಯರಿಂಗ್‌ನ ಎಡಕ್ಕೆ, ಹಳೇ ಕಾಲದ ಎಳೆಯುವ ಹಿಡಿ. ಕೊನೆಗೆ ಸಿಕ್ಕಿತು, ಎಳೆದ, ಹಿಂದಿನ ಚಕ್ರ ಕಿರ್ ಅಂದವು. ದೀಪದ ಕಂಬಕ್ಕೆ ಎರಡು ಮಾರು ದೂರದಲ್ಲಿ ನಿಂತೆವು.

ಇಳಿದು ನೋಡಿದರೆ ಹಿಂದಿನ ಬಲ ಚಕ್ರದ ಒಳಗಿನಿಂದ ಬ್ರೇಕ್ ಆಯಿಲ್ ಸುರಿಯುತ್ತಿತ್ತು. ಆಯಿಲ್ ಒತ್ತಡದಿಂದ ಚಕ್ರದ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರ್ ಒಂದು ಹೋಗಿತ್ತು. ಹೋಗಿದ್ದು ಒಂದೇ, ಆದರೆ ನಾಲ್ಕು ಚಕ್ರಕ್ಕೂ ಬ್ರೇಕ್ ಇರಲಿಲ್ಲ. ಆ ಬೆಳಿಗ್ಗೆ ಅವನಿಗೆ ಅರ್ಥವಾಗದೇ ಇದ್ದ ವಿಷಯ ಇದೇ. ಒಂದು ವರ್ಷದ ಕೆಲಸದ ಪಟ್ಟಿ ಉಲ್ಟಾ ಆಗಿದ್ದೂ ಇಲ್ಲಿಂದಲೇ.

ಅವನ ಪಟ್ಟಿ

ಹುಡುಗ ಹಾಸನದವನು, ವಯಸ್ಸು 26. ಓದಲು ಬಂದು, ಇಲ್ಲೇ ಕೆಲಸ ಹಿಡಿದು, ಎಲೆಕ್ಟ್ರಿಕ್ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ನಾನು ದಾವಣಗೆರೆಯವನು, 19 ವರ್ಷದಿಂದ ಇಲ್ಲಿ ಬ್ರೇಕ್ ಕೆಲಸದಲ್ಲೇ ಇದ್ದೇನೆ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಪರಿಚಯ. ಹೋಳಿಗೆ ಬರುವಷ್ಟರಲ್ಲಿ ಫೋನ್ ತೆಗೆದು ಫೋಟೊ ತೋರಿಸಿದ: "ಅಣ್ಣಾ, ನೋಡಿ, ತಗೊಂಡೇಬಿಟ್ಟೆ." ಕೆಂಪು ಬಣ್ಣದ 1966ರ ಫೋರ್ಡ್ ಮಸ್ಟಾಂಗ್ ಕೂಪೆ. ಒಹಾಯೋದಲ್ಲಿ ಹಿರಿಯರೊಬ್ಬರ ಗ್ಯಾರೇಜಿನಲ್ಲಿ 11 ವರ್ಷ ಕವರ್ ಹೊದ್ದು ನಿಂತಿದ್ದ ಗಾಡಿ. ಊರಿಗೆ ಫೋನ್ ಮಾಡಿ ಹೇಳಿದಾಗ ಅವರಮ್ಮ ಅಂದರಂತೆ: "ನನಗಿಂತ ಹಳೇದಲ್ಲೋ ಅದು!"

ಮಸ್ಟಾಂಗನ್ನು ಜನ ಸಾಮಾನ್ಯವಾಗಿ ಮಸಲ್ ಕಾರು ಅಂತಾರೆ. ಕಟ್ಟುನಿಟ್ಟಿನವರು ಮಾತ್ರ ಅದು ಮಸಲ್ ಕಾರೇ ಅಲ್ಲ, ಪೋನಿ ಕಾರು, ಅಂದರೆ ಚಿಕ್ಕ ಸ್ಪೋರ್ಟಿ ಗಾಡಿ ಅನ್ನುತ್ತಾರೆ. ಅವರ ಪ್ರಕಾರ ಮಸಲ್ ಕಾರು ಅಂದರೆ 1964ರ ಪಾಂಟಿಯಾಕ್ ಜಿಟಿಒ ಥರ, ಮಧ್ಯಮ ಗಾತ್ರದ ಗಾಡಿಗೆ ದೊಡ್ಡ ಎಂಜಿನ್ ತುಂಬಿದ್ದು. ಇರಲಿ. ಮಸ್ಟಾಂಗ್ ಬಿಡಿಭಾಗ ಇವತ್ತಿಗೂ ಸುಲಭವಾಗಿ ಸಿಗುತ್ತವೆ, ಹೊಸಬರಿಗೆ ಇದಕ್ಕಿಂತ ಒಳ್ಳೇ ಆಯ್ಕೆ ಕಮ್ಮಿ.

ಕಾರಿಗೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ನಂಬರ್ 6ಎಫ್07ಸಿ ಅಂತ ಶುರುವಾಗುತ್ತಿತ್ತು. 6 ಅಂದರೆ 1966. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, ನಮ್ಮಿಂದ ಅರ್ಧ ಗಂಟೆ ದೂರ. 07 ಅಂದರೆ ಎರಡು ಬಾಗಿಲಿನ ಕೂಪೆ. ಸಿ ಅಂದರೆ 289 ಕ್ಯೂಬಿಕ್ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್, ಎರಡು ಬ್ಯಾರಲ್ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ, ಎರಡು ಬಾಯಿಯ ಭಾಗ), ಆ ಕಾಲದ ಲೆಕ್ಕದಲ್ಲಿ 200 ಅಶ್ವಶಕ್ತಿ. ಆ ಲೆಕ್ಕವನ್ನು ಜಾಸ್ತಿ ನಂಬಬೇಡಿ. ಆಗ ಎಂಜಿನ್ನನ್ನು ಬರೀ ಸ್ಟ್ಯಾಂಡಿನ ಮೇಲಿಟ್ಟು, ಕಾರಿನ ಸೈಲೆನ್ಸರ್, ಏರ್ ಫಿಲ್ಟರ್ ಏನೂ ಇಲ್ಲದೆ ಅಳೆಯುತ್ತಿದ್ದರು. 1972ರ ಹೊತ್ತಿಗೆ ಅಳತೆಯ ಪದ್ಧತಿಯೇ ಬದಲಾಯಿತು, ಎಲ್ಲರ ಅಂಕಿಯೂ ದಿಢೀರ್ ಇಳಿಯಿತು. ಜೊತೆಗೆ ಮೂರು ಗೇರಿನ ಸಿ4 ಆಟೊಮ್ಯಾಟಿಕ್, ನಾಲ್ಕೂ ಚಕ್ರಕ್ಕೆ 10 ಇಂಚಿನ ಡ್ರಮ್ ಬ್ರೇಕ್, ಪೆಡಲ್ ಒತ್ತಲು ಕಾಲಿಗೆ ನೆರವಾಗುವ ಬೂಸ್ಟರ್ ಇಲ್ಲ.

ಮೊದಲ ವರ್ಷಕ್ಕೆ ಅವನು ಎತ್ತಿಟ್ಟಿದ್ದು 5,000 ಡಾಲರ್. ಅದರಲ್ಲಿ ತರಬೇಕಾದ್ದನ್ನೆಲ್ಲ ಫೋನಿನಲ್ಲಿ ಬರೆದುಕೊಂಡಿದ್ದ: 750 ಸಿಎಫ್ಎಂ (ನಿಮಿಷಕ್ಕೆ ಅಷ್ಟು ಕ್ಯೂಬಿಕ್ ಅಡಿ ಗಾಳಿ ಬಿಡುವ) ನಾಲ್ಕು ಬ್ಯಾರಲ್ ಕಾರ್ಬೊರೇಟರ್, ಗಡಗಡ ಸದ್ದಿನ ಕ್ಯಾಮ್‌ಶಾಫ್ಟ್ (ಎಂಜಿನ್ ವಾಲ್ವ್ ತೆರೆಯುವ ದಂಡ), ಹೆಡರ್ (ಎಂಜಿನ್ ಹೊಗೆ ಸರಾಗವಾಗಿ ಹೊರಹೋಗುವ ಪೈಪುಗಳು), ಎರಡು ಪೈಪಿನ ಸೈಲೆನ್ಸರ್, 17 ಇಂಚಿನ ಅಲಾಯ್. ಬ್ರೇಕ್ ಅನ್ನೋ ಪದವೇ ಇರಲಿಲ್ಲ. ಬೈಯಲಿಲ್ಲ. 26ರಲ್ಲಿ ನನ್ನ ಪಟ್ಟಿಯೂ ಹೀಗೇ ಇರುತ್ತಿತ್ತು.

ಪಾರ್ಕಿಂಗ್ ಜಾಗದ ತಪ್ಪು ಮಾತ್ರ ಅವನದಲ್ಲ, ನನ್ನದು. ಪೆಡಲ್ ಗಟ್ಟಿಯಾಗಿದೆ ಅಂತ ಕಾಲಿಟ್ಟು ನೋಡಿ, ಡ್ರಮ್ ಬಿಚ್ಚದೆ ಹತ್ತಿ ಕೂತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. 11 ವರ್ಷ ನಿಂತ ಗಾಡಿಯಲ್ಲಿ ಆ ತೇವ ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಮಾಡಿರುತ್ತದೆ. ಮೊದಲ ಹತ್ತು ಸಲ ಪೆಡಲ್ ಚೆನ್ನಾಗೇ ಇರುತ್ತದೆ. ಹನ್ನೊಂದನೇ ಸಲ ರಬ್ಬರ್ ಕಪ್ ಆ ಗುಳಿಗೆ ಉಜ್ಜಿ ಹರಿಯುತ್ತದೆ.

ಒಂದು ಹೋದರೆ ನಾಲ್ಕೂ ಯಾಕೆ?

ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವುದು ಮಾಸ್ಟರ್ ಸಿಲಿಂಡರ್. 1966ರ ಮಸ್ಟಾಂಗ್‌ಗೆ ಅದರಲ್ಲಿ ಒಂದೇ ತೊಟ್ಟಿ, ಒಂದೇ ಪಿಸ್ಟನ್, ಒಂದೇ ದಾರಿ. ನಾಲ್ಕು ಚಕ್ರಕ್ಕೂ ಅಲ್ಲಿಂದಲೇ ಒತ್ತಡ. ಎಲ್ಲೋ ಒಂದು ಕಡೆ ತೂತಾದರೆ ಒತ್ತಡವೆಲ್ಲ ಅಲ್ಲೇ ಹೊರಗೆ. ನಮ್ಮೂರ ಹಳೇ ಅಂಬಾಸಿಡರ್ ಡ್ರೈವರ್‌ಗಳು ಪೆಡಲನ್ನು ಪಂಪ್ ಮಾಡಿ ಮಾಡಿ ಬ್ರೇಕ್ ಹಿಡಿಸುತ್ತಿದ್ದರಲ್ಲ, ಆ ಕಾಲದ ವ್ಯವಸ್ಥೆ ಇದು. ಮುಂದಿನ ವರ್ಷವೇ, 1967ರ ಮಸ್ಟಾಂಗ್‌ಗೆ, ಫೋರ್ಡ್ ಎರಡು ತೊಟ್ಟಿಯ ಮಾಸ್ಟರ್ ಸಿಲಿಂಡರ್ ಹಾಕಿತು. ಮುಂದಿನ ಚಕ್ರಕ್ಕೆ ಒಂದು, ಹಿಂದಿನದಕ್ಕೆ ಇನ್ನೊಂದು. ಒಂದು ಸೋರಿದರೂ ಇನ್ನೊಂದರಿಂದ ಅರ್ಧ ಬ್ರೇಕ್ ಉಳಿಯುತ್ತದೆ. 1968ರಿಂದ ಅಮೆರಿಕದಲ್ಲಿ ಅದು ಕಾನೂನೇ ಆಯಿತು.

ಆದ್ದರಿಂದ 1966 ಅಥವಾ ಅದಕ್ಕಿಂತ ಹಳೇ ಗಾಡಿ ಕೊಂಡವರಿಗೆ ನಾನು ಹೇಳೋದು ಇಷ್ಟೇ. ಡಿಸ್ಕ್ ಹಾಕಿಸಲು ದುಡ್ಡಿಲ್ಲವಾ? ಬೇಡ. ಡ್ರಮ್ಮೇ ಇರಲಿ, ಆದರೆ ಎರಡು ತೊಟ್ಟಿಯ ಮಾಸ್ಟರ್ ಸಿಲಿಂಡರ್, ಹೊಸ ವೀಲ್ ಸಿಲಿಂಡರ್, ಹೊಸ ರಬ್ಬರ್ ಹೋಸ್ ಹಾಕಿ. ಎಲ್ಲ ಸೇರಿಸಿದರೂ ಅವನು ಆಸೆಪಟ್ಟ ಕಾರ್ಬೊರೇಟರ್‌ಗಿಂತ ಕಮ್ಮಿ ಖರ್ಚು.

ನಮಗೆ ಬಜೆಟ್ ಇತ್ತು. ಹಾಗಾಗಿ ಮುಂದೆ ಡಿಸ್ಕ್ ಹಾಕಿದೆವು, ಹಿಂದೆ ಡ್ರಮ್ ಹಾಗೇ ಬಿಟ್ಟೆವು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ, ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಡ್ರಮ್ ಬಿಸಿಯಾದರೆ ಹಿಡಿತ ಸಡಿಲ, ನೀರು ಹೊಕ್ಕರೆ ಒಂದು ಕಡೆಗೆ ಎಳೆತ. ಡಿಸ್ಕ್‌ಗೆ ಈ ಎರಡೂ ಕಾಟ ಕಮ್ಮಿ. ಆದರೆ ಡ್ರಮ್‌ನ ಲೈನಿಂಗ್ ತಿರುಗುವ ದಿಕ್ಕಿಗೆ ತಾನೇ ಕಚ್ಚಿಕೊಂಡು ಕಾಲಿಗೆ ಸಹಾಯ ಮಾಡುತ್ತದೆ, ಡಿಸ್ಕ್ ಮಾಡುವುದಿಲ್ಲ. ಡಿಸ್ಕ್ ಹಾಕಿದ ಮೊದಲ ದಿನ ಪೆಡಲ್ ಕಲ್ಲಿನಂತೆ ಅನ್ನಿಸಿದರೆ ಗಾಬರಿ ಬೇಡ. ಮಾಸ್ಟರ್ ಸಿಲಿಂಡರ್‌ನ ಒಳ ಅಳತೆ ಸ್ವಲ್ಪ ಚಿಕ್ಕದಾದಷ್ಟೂ ಅದೇ ಕಾಲಿಗೆ ಒತ್ತಡ ಜಾಸ್ತಿ ಸಿಗುತ್ತದೆ, ಪೆಡಲ್ ಒಂದಿಷ್ಟು ಜಾಸ್ತಿ ಇಳಿಯುತ್ತದೆ. ಬೂಸ್ಟರ್ ಇಲ್ಲದ ಗಾಡಿಯಲ್ಲಿ ಆ ವ್ಯಾಪಾರ ಲಾಭದ್ದೇ.

ಹಿಂದಿನ ಲೈನಿಗೆ ಒತ್ತಡ ತಗ್ಗಿಸುವ, ತಿರುಗಿಸಿ ಹೊಂದಿಸುವ ಪ್ರಪೋರ್ಶನಿಂಗ್ ವಾಲ್ವ್ ಹಾಕಲೇಬೇಕು. ಡಿಸ್ಕ್‌ಗೆ ಬೇಕಾದಷ್ಟು ಒತ್ತಡ ಹಿಂದಿನ ಡ್ರಮ್‌ಗೂ ಹೋದರೆ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತವೆ, ಗಾಡಿ ಬೆನ್ನು ತಿರುಗಿಸುತ್ತದೆ. ನಾವು ಅದೇ ಪಾರ್ಕಿಂಗ್ ಜಾಗಕ್ಕೆ ಹೋಗಿ, ಒಬ್ಬ ಓಡಿಸಿ, ಒಬ್ಬ ಹೊರಗೆ ನಿಂತು ಚಕ್ರ ನೋಡಿ, ಕಾಲು ಸುತ್ತು ಕಾಲು ಸುತ್ತಾಗಿ ಹೊಂದಿಸಿದೆವು. ಮುಂದಿನವು ಮೊದಲು ಲಾಕ್ ಆಗುವವರೆಗೆ.

ಈಗ ನನ್ನ ಎರಡನೇ ತಪ್ಪು. ಎಲ್ಲ ಜೋಡಿಸಿ, ಬ್ರೇಕ್ ಲೈನಿನ ಏರ್ ತೆಗೆದು, ಖುಷಿಯಿಂದ ಹತ್ತು ಮೈಲಿ ಓಡಿಸಿದೆವು. ವಾಪಸ್ ಬರುವಾಗ ಗಾಡಿ ಎಳೆಯುತ್ತಲೇ ಇಲ್ಲ, ಯಾರೋ ಹಿಂದಿನಿಂದ ಹಿಡಿದ ಹಾಗೆ. ನಿಲ್ಲಿಸಿದರೆ ಮುಂದಿನ ಎರಡೂ ಡಿಸ್ಕ್ ಹತ್ತಿರ ಕೈ ಇಡೋಕೆ ಆಗದಷ್ಟು ಬಿಸಿ. ಹುಡುಗ ಕಿಟ್ ಬಗ್ಗೆ ಅನುಮಾನಪಟ್ಟ. ನಾನೂ ಒಂದು ನಿಮಿಷ ಅದನ್ನೇ ಬೈದೆ.

ತಣ್ಣಗಾಗುವವರೆಗೆ ಕಾಯದೆ ಪತ್ತೆ ಮಾಡಬೇಕಿತ್ತು, ತಣ್ಣಗಾದರೆ ರೋಗ ಕಾಣಿಸಲ್ಲ. ಮುಂದಿನ ಚಕ್ರ ಎತ್ತಿ ತಿರುಗಿಸಿದೆ, ಬಿಗಿ. ಪ್ಯಾಡಿನಿಂದ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ನ ಏರ್ ತೆಗೆಯುವ ನಿಪ್ಪಲ್ ಚೂರು ಸಡಿಲಿಸಿದೆ. ಪಿಚಕ್ ಅಂತ ಆಯಿಲ್ ಹಾರಿತು, ಚಕ್ರ ಬಿಟ್ಟುಕೊಂಡಿತು. ಅಂದರೆ ಕ್ಯಾಲಿಪರ್ ಜಾಮ್ ಆಗಿಲ್ಲ, ಒತ್ತಡ ಲೈನಿನಲ್ಲೇ ಸಿಕ್ಕಿಕೊಂಡಿದೆ. ನಿಪ್ಪಲ್ ಬಿಗಿ ಮಾಡಿ, ಇನ್ನೊಂದು ಸುತ್ತು ಹೋಗಿ ಬಂದು, ಈ ಸಲ ಮಾಸ್ಟರ್ ಸಿಲಿಂಡರ್‌ನ ಎರಡು ನಟ್ ಸಡಿಲಿಸಿ ಅದನ್ನು ಎರಡು ಮಿಲಿಮೀಟರ್ ಮುಂದಕ್ಕೆ ಎಳೆದೆ. ಚಕ್ರ ತಾನಾಗಿ ಬಿಟ್ಟುಕೊಂಡಿತು. ಕಳ್ಳ ಸಿಕ್ಕಿದ: ಪೆಡಲಿನಿಂದ ಪಿಸ್ಟನ್ನಿಗೆ ಹೋಗುವ ಪುಶ್ ರಾಡ್. ಅದರ ಉದ್ದವನ್ನು ನಾನು ಆಟವೇ ಇಲ್ಲದಷ್ಟು ಬಿಗಿಯಾಗಿ ಹೊಂದಿಸಿದ್ದೆ. ಕಾಲು ತೆಗೆದರೂ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಆಯಿಲ್ ತೊಟ್ಟಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡೇ ಇತ್ತು. ಬಿಸಿಯಾದ ಆಯಿಲ್ ಹಿಗ್ಗಿ, ಹೋಗಲು ದಾರಿ ಇಲ್ಲದೆ, ಪ್ಯಾಡನ್ನೇ ಒತ್ತುತ್ತಿತ್ತು. ಪ್ಯಾಡ್ ಉಜ್ಜಿ ಇನ್ನಷ್ಟು ಬಿಸಿ, ಇನ್ನಷ್ಟು ಒತ್ತಡ. ರಾಡ್ ಗಿಡ್ಡ ಮಾಡಿ ಎರಡು ಮೂರು ಮಿಲಿಮೀಟರ್ ಆಟ ಕೊಟ್ಟ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. 19 ವರ್ಷದ ಅನುಭವ ಅಂದೆನಲ್ಲ, ಅವತ್ತು ಹುಡುಗ ನನ್ನ ಮುಖ ನೋಡಿ ಸುಮ್ನೆ ನಕ್ಕ.

ಆಸೆಪಟ್ಟ ಚಕ್ರ ಬೇರೆ ದಾರಿಯಿಂದ ಬಂತು

ಡಿಸ್ಕ್ ಹಾಕಿದ ಮೇಲೆ ಹಳೇ 14 ಇಂಚಿನ ಕಬ್ಬಿಣದ ರಿಮ್ ಕ್ಯಾಲಿಪರ್‌ಗೆ ತಾಗಿತು. ಡ್ರಮ್ ಗಾಡಿಯ ರಿಮ್‌ಗಳಿಗೆ ಇದು ಮಾಮೂಲಿ, ಕಿಟ್ ಕೊಳ್ಳುವಾಗಲೇ ಕೇಳಬೇಕಿತ್ತು. ಹೊಸ ರಿಮ್ ಅನಿವಾರ್ಯವಾಯಿತು. ಹುಡುಗನ ಕಣ್ಣು ಅರಳಿತು. 17 ಬೇಡ ಅಂತ 15 ಇಂಚಿಗೆ ಒಪ್ಪಿಸಿದೆ, ಅದರ ಮೇಲೆ 205/60 ಅಳತೆಯ ರೇಡಿಯಲ್ ಟೈರ್. ನನ್ನ ಕಣ್ಣಿಗೆ ಆ ಗಾಡಿಗೆ 17 ಅಂದರೆ ಮಗುವಿಗೆ ಅಪ್ಪನ ಬೂಟು ಹಾಕಿದ ಹಾಗೆ. ಇದು ರುಚಿಯ ಮಾತು, ಒಪ್ಪಲೇಬೇಕು ಅಂತೇನಿಲ್ಲ.

ಟೈರ್ ಹೇಗೂ ಬದಲಾಯಿಸಬೇಕಿತ್ತು. ಹಳೇದರ ಹಲ್ಲು ಹೊಸದರ ಹಾಗೇ ಇತ್ತು, ಮಾರುವಾಗ ಅದನ್ನೇ ತೋರಿಸಿದ್ದರು. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಇದರಲ್ಲಿ 2409. ಅಂದರೆ 2009ರ 24ನೇ ವಾರ. ಪಕ್ಕದ ರಬ್ಬರಿನಲ್ಲಿ ಬೇಸಿಗೆಯ ಕೆರೆಯಂತೆ ಬಿರುಕು.

ಮುಂದಿನ ಸಸ್ಪೆನ್ಶನ್ ಮೇಲಿನ ತೋಳಿನ ಬುಷ್‌ಗಳು ಒಣಗಿ, ಉಬ್ಬು ಸಿಕ್ಕಾಗಲೆಲ್ಲ ಹಳೇ ಮಂಚದಂತೆ ಕಿರುಗುಟ್ಟುತ್ತಿದ್ದವು. ತೋಳು ಬಿಚ್ಚಿದ್ದರಿಂದ ಇನ್ನೊಂದು ಕೆಲಸ ಬಿಟ್ಟಿಯಾಗಿ ಆಯಿತು. ಮೇಲಿನ ತೋಳನ್ನು ಕಾರಿನ ಬಾಡಿಯ ಮೇಲೆ ಬಿಗಿಯುವ ಜಾಗವನ್ನು ಒಂದು ಇಂಚು ಕೆಳಗಿಳಿಸಿ ಹೊಸ ತೂತು ಕೊರೆಯುವುದು. ಫೋರ್ಡ್‌ನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಕಂಡುಕೊಂಡ ಉಪಾಯ ಇದು, ರೇಸಿಗೆ ತಕ್ಕ ಹಾಗೆ ಮಾಡಿದ ಮಸ್ಟಾಂಗ್ ಆದ 1965ರ ಶೆಲ್ಬಿ ಜಿಟಿ350ಯಲ್ಲಿ ಬಂದದ್ದರಿಂದ ಶೆಲ್ಬಿ ಡ್ರಾಪ್ ಅಂತಲೇ ಹೆಸರು. ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಟೈರ್ ನೆಲಕ್ಕೆ ಇನ್ನೂ ಚಪ್ಪಟೆಯಾಗಿ ಕೂರುತ್ತದೆ. ಖರ್ಚು ಒಂದು ಡ್ರಿಲ್ ಬಿಟ್. ಆದರೆ ಈ ಗಾಡಿಯಲ್ಲಿ ಕಾಯಿಲ್ ಸ್ಪ್ರಿಂಗ್ ಮೇಲಿನ ತೋಳಿನ ಮೇಲೇ ಕೂತಿರುತ್ತದೆ. ಅದನ್ನು ಅದುಮಿ ತೆಗೆಯುವ ಕೆಲಸ ಒಬ್ಬರೇ ಮಾಡಬೇಡಿ. ಜಾರಿದರೆ ಕೈ ಮುರಿದು ಬಿಡೋದಲ್ಲ, ಪ್ರಾಣಕ್ಕೇ ಬರುತ್ತದೆ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಬಾಡಿಗೆಗೆ ತಂದೆವು, ಇಬ್ಬರೂ ಇದ್ದಾಗಲೇ ಮುಟ್ಟಿದೆವು.

ವೀಲ್ ಅಲೈನ್‌ಮೆಂಟ್‌ಗೆ ಹೋದಾಗ ಅಂಗಡಿಯವರು 1966ರ ಪುಸ್ತಕದ ಅಳತೆಗೆ ಹೊಂದಿಸಲು ಹೊರಟರು. ಅದು ಆಗಿನ ಹಳೇ ಮಾದರಿಯ ಬಯಾಸ್ ಟೈರ್‌ಗೆ ಬರೆದದ್ದು. ರೇಡಿಯಲ್‌ಗೆ ಕ್ಯಾಸ್ಟರ್ (ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲುವ ಕೋನ) ಪ್ಲಸ್ 2ರಿಂದ 3 ಡಿಗ್ರಿ, ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ಅಥವಾ ಹೊರಕ್ಕೆ ವಾಲುವ ಕೋನ) ಮೈನಸ್ ಅರ್ಧ ಡಿಗ್ರಿ ಅಂತ ಚೀಟಿ ಬರೆದುಕೊಟ್ಟೆ. ಹೈವೇಯಲ್ಲಿ ಸ್ಟಿಯರಿಂಗ್ ಅಲೆದಾಡುವುದು ನಿಂತಿತು.

ಯಾರಿಗೂ ತೋರಿಸಲಾಗದ ಕೆಲಸಗಳು

ಈ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕಿಗೆ ಪ್ರತ್ಯೇಕ ಜಾಗ ಇಲ್ಲ. ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ. ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಉಕ್ಕಿನ ಗೋಡೆ ಇಲ್ಲ, ರಟ್ಟು ಮಾತ್ರ. ಹಿಂದಿನಿಂದ ಯಾರಾದರೂ ಗುದ್ದಿದರೆ ಏನಾಗಬಹುದು ಅಂತ ವಿವರಿಸಬೇಕಾಗಿಲ್ಲ ಅಲ್ವಾ? ಸೀಟಿನ ಹಿಂದೆ ತಗಡಿನ ಗೋಡೆ ಕೂರಿಸಿ ಅಂಚು ಸೀಲ್ ಮಾಡಿದೆವು. ಟ್ಯಾಂಕಿಗೆ ಪೆಟ್ರೋಲ್ ಹಾಕುವ ರಬ್ಬರ್ ಕೊಳವೆ, ಎಂಜಿನ್ ಹತ್ತಿರದ ಹೋಸ್ ಎಲ್ಲ ಬದಲಾಯಿತು. ಅಮೆರಿಕದ ಈಗಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10% ಎಥನಾಲ್ ಇರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡಿ ತಿನ್ನುತ್ತದೆ.

ಮುಂದಿನ ಸೀಟಿಗೆ ಸೊಂಟದ ಬೆಲ್ಟ್ ಮಾತ್ರ ಇತ್ತು. ಭುಜದ್ದೂ ಇರುವ ಮೂರು ಬಿಂದುವಿನ ಬೆಲ್ಟ್ ಹಾಕಿಸಿದೆವು. ಮೇಲಿನ ಬೋಲ್ಟ್‌ಗೆ ಬರೀ ತಗಡು ಸಾಲದು, ಒಳಗೆ ದಪ್ಪ ಪ್ಲೇಟ್ ವೆಲ್ಡ್ ಆಗಬೇಕು. ಅದನ್ನು ವೆಲ್ಡಿಂಗ್ ಗೊತ್ತಿರುವವರಿಂದಲೇ ಮಾಡಿಸಿದೆವು.

ಹೆಡ್‌ಲೈಟ್‌ನ ಕರೆಂಟ್ ಪೂರ್ತಿ ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕವೇ ಹೋಗುತ್ತದೆ. ಆ ಸ್ವಿಚ್ಚಿನೊಳಗೆ ಒಂದು ಸರ್ಕ್ಯೂಟ್ ಬ್ರೇಕರ್ ಇದೆ. ಹ್ಯಾಲೊಜೆನ್ ಹಾಕಿ ಲೋಡ್ ಜಾಸ್ತಿ ಮಾಡಿದರೆ, ಅದು ಬಿಸಿಯಾಗಿ ನಡುರಾತ್ರಿ ದೀಪ ಆರಿಸಿ, ತಣ್ಣಗಾಗಿ ಮತ್ತೆ ಹತ್ತಿಸುತ್ತದೆ. ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹತ್ತಿಸುವ ಸ್ವಿಚ್) ಹಾಕಿ ಬ್ಯಾಟರಿಯಿಂದ ನೇರ ತಂತಿ ಎಳೆದೆವು. ಈ ಕೆಲಸದಲ್ಲಿ ಹುಡುಗ ನನಗಿಂತ ಚುರುಕು.

ಕೊನೆಗೆ ಎಂಜಿನ್

ಜುಲೈ ಬಂತು. ಅವನು ಮತ್ತೆ ಕಾರ್ಬೊರೇಟರ್ ಮಾತು ತೆಗೆದ. ಕಾಗದದ ಮೇಲೆ ಲೆಕ್ಕ ಹಾಕಿಸಿದೆ. 289 ಕ್ಯೂಬಿಕ್ ಇಂಚು, ಜಾಸ್ತಿ ಅಂದರೆ 5,500 ಆರ್‌ಪಿಎಂ. ಗುಣಿಸಿ, ಅದನ್ನು ಸಿಎಫ್ಎಂಗೆ ತರುವ ಸೂತ್ರದ 3,456ರಿಂದ ಭಾಗಿಸಿದರೆ 460. ಎಂಜಿನ್ ಸಿಲಿಂಡರ್ ಪೂರ್ತಿ ತುಂಬಿಕೊಳ್ಳಲ್ಲ, 85% ಅಂದುಕೊಂಡರೆ ಸುಮಾರು 390 ಸಿಎಫ್ಎಂ. ಅವನು ಕೊಳ್ಳಬೇಕು ಅಂತಿದ್ದದ್ದು 750. ಅಷ್ಟು ದೊಡ್ಡ ಬಾಯಿಯಲ್ಲಿ ಗಾಳಿಯ ವೇಗ ಬಿದ್ದುಹೋಗುತ್ತದೆ, ಪೆಟ್ರೋಲ್ ಸರಿಯಾಗಿ ಬೆರೆಯಲ್ಲ, ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮುಕ್ಕರಿಸುತ್ತದೆ. ಕ್ಯಾಮ್‌ಶಾಫ್ಟ್ ಕತೆಯೂ ಅದೇ. ಆ ಗಡಗಡ ಸದ್ದು ಬೇಕಾದರೆ ಕೆಳಗಿನ ಆರ್‌ಪಿಎಂನ ಎಳೆತ ಬಿಡಬೇಕು. ಆಮೇಲೆ ಅದಕ್ಕೆ ಹೊಂದುವ ಟಾರ್ಕ್ ಕನ್ವರ್ಟರ್ (ಎಂಜಿನ್ನನ್ನು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಜೋಡಿಸುವ ಭಾಗ) ಬೇಕು, ಆಮೇಲೆ ಹಿಂದಿನ ಆಕ್ಸಲ್ ಹೌಸಿಂಗ್‌ನ ಗೇರ್ ಬದಲಾಗಬೇಕು. ಒಂದು ಕೊಂಡರೆ ಮೂರು ಬಿಲ್.

ಬದಲಿಗೆ ಇದ್ದದ್ದನ್ನು ಸರಿ ಮಾಡಿದೆವು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿದೆವು. ನಮ್ಮೂರಲ್ಲಿ ಇದಕ್ಕೆ ಡೆಲ್ಕೋ ಅಂತಾರೆ, ಇವನಿಗೆ ಆ ಹೆಸರೇ ಗೊತ್ತಿರಲಿಲ್ಲ. ಕಿಡಿಗಾಗಿ ಕರೆಂಟ್ ಕಡಿಯುವ ಹಳೇ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿದೆವು. ಎಂಜಿನ್ ಹಗುರವಾಗಿ ಓಡುವಾಗ ಕಿಡಿಯನ್ನು ಸ್ವಲ್ಪ ಬೇಗ ಹಾರಿಸುವ ವ್ಯಾಕ್ಯೂಮ್ ಅಡ್ವಾನ್ಸ್‌ನ ಡಯಾಫ್ರಂ ಹರಿದಿತ್ತು, ಹೊಸದು ಹಾಕಿದೆವು.

ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ ನೋಡುವಾಗ ಒಂದು ವಿಚಿತ್ರ. ಗುರುತಿನ ಪ್ರಕಾರ ಎಲ್ಲ ಸರಿ, ಎಂಜಿನ್ ಮಾತ್ರ ಸೋಮಾರಿ. ಕ್ರ್ಯಾಂಕ್ ಮುಂದಿನ ಡ್ಯಾಂಪರ್ ಎರಡು ಉಂಗುರ, ನಡುವೆ ರಬ್ಬರ್. ವರ್ಷಗಳಾದ ಮೇಲೆ ರಬ್ಬರ್ ಸಡಿಲವಾಗಿ ಹೊರಗಿನ ಉಂಗುರ ಜಾರುತ್ತದೆ, ಅದರ ಮೇಲಿನ ಗುರುತು ಸುಳ್ಳು ಹೇಳುತ್ತದೆ. ಮೊದಲ ಸಿಲಿಂಡರ್‌ನ ಪ್ಲಗ್ ತೂತಿಗೆ ಪಿಸ್ಟನ್ ತಡೆಯುವ ಬೋಲ್ಟ್ ಹಾಕಿ, ಎರಡೂ ದಿಕ್ಕಿನಿಂದ ಕೈಯಲ್ಲಿ ತಿರುಗಿಸಿ, ನಿಂತ ಎರಡು ಜಾಗದ ಮಧ್ಯಬಿಂದು ಹುಡುಕಿದೆವು, ಪಿಸ್ಟನ್ ತುತ್ತತುದಿಗೆ ಬರುವ ನಿಜವಾದ ಜಾಗ ಅದೇ. ಗುರುತು 9 ಡಿಗ್ರಿ ಜಾರಿತ್ತು. ಹೊಸ ಡ್ಯಾಂಪರ್, ಸರಿಯಾದ ಟೈಮಿಂಗ್. ಹೋಗಿ ಬಂದವನು ಕೀ ಕೊಡುವಾಗ ಕೇಳಿದ: "ಅಣ್ಣಾ, ಇದು ಅದೇ ಎಂಜಿನ್ನಾ?"

ಡಿಸೆಂಬರ್‌ನಲ್ಲಿ ಲೆಕ್ಕ ನೋಡಿದಾಗ 4,550 ಡಾಲರ್ ಆಗಿತ್ತು. ಬ್ರೇಕಿಗೆ 1,280, ರಿಮ್ ಮತ್ತು ಟೈರಿಗೆ 1,250, ಮುಂದಿನ ಸಸ್ಪೆನ್ಶನ್ ಮತ್ತು ಅಲೈನ್‌ಮೆಂಟ್‌ಗೆ 970. ಎಂಜಿನ್ನಿಗೆ ಬರೀ 200. ಉಳಿದದ್ದು ಬೆಲ್ಟ್, ಹೋಸ್, ತಂತಿ, ಸ್ಪಾನರ್, ಜಾಕಿ ಸ್ಟ್ಯಾಂಡ್. ಮತ್ತೊಮ್ಮೆ ಮಾಡುವುದಾದರೆ ಎರಡು ಬದಲಾವಣೆ: ಮೊದಲ ದಿನವೇ ನಾಲ್ಕೂ ಡ್ರಮ್ ಬಿಚ್ಚುತ್ತೇನೆ, ರಿಮ್ ಅಳತೆ ಕೇಳದೆ ಡಿಸ್ಕ್ ಕಿಟ್ ತರಿಸಲ್ಲ.

ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ನಡೆಯುತ್ತಿರುವ ಹಳೇ ಕಾರುಗಳ ಜಾತ್ರೆ. ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಗಾಡಿಗಳು ಸಾಲುಗಟ್ಟಿ ತೆವಳುತ್ತವೆ, ಪೂರ್ತಿ ದಿನ ಬ್ರೇಕ್ ಒತ್ತೋದು, ಬಿಡೋದು, ಒತ್ತೋದು. ನಮ್ಮ ಪಕ್ಕದಲ್ಲಿ ಗಡಗಡ ಕ್ಯಾಮಿನ ಒಂದು ಗಾಡಿ ಕುದಿದು ಬಾನೆಟ್ ತೆರೆದು ನಿಂತಿತ್ತು. ಹುಡುಗ ಅದರ ಸದ್ದು ನೆನೆದು ನಿಟ್ಟುಸಿರುಬಿಟ್ಟ. ನಮ್ಮದು ಮಾಮೂಲಿ ಸದ್ದಿನಲ್ಲೇ ಮನೆ ತಲುಪಿತು.

ಒಂದು ಕೆಲಸ ಬಾಕಿ. ಮುಂದಿನ ಗಾಜಿನ ಕೆಳಗೆ ಗಾಳಿ ಹೋಗುವ ಜಾಲರಿ ಇದೆಯಲ್ಲ, ಅದರೊಳಗೆ ಒಂದು ಬಕೆಟ್ ನೀರು ಸುರಿದರೆ ಎಡಗಡೆ ಡ್ರೈವರ್ ಕಾಲಿನ ಮೇಲೆ ಹನಿ ಬೀಳುತ್ತದೆ. ಒಳಗಿನ ತಗಡು ತುಕ್ಕು ತಿಂದಿದೆ. ಈ ಕಾರುಗಳ ಹಳೇ ಕಾಯಿಲೆ ಇದು. ಆ ಭಾಗ ಬೋಲ್ಟ್ ಅಲ್ಲ, ಸಾಲು ಸಾಲು ಸ್ಪಾಟ್ ವೆಲ್ಡ್. ಒಂದೊಂದನ್ನೂ ಕೊರೆದು ಬಿಡಿಸಬೇಕು. ಕೆಳಗಿನ ಚಾಸಿ ರೈಲನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿದ್ದೆವು, ಗಟ್ಟಿ ಇತ್ತು. ಹಾಗಾಗಿ ಒಂದು ವರ್ಷ ಮುಂದಕ್ಕೆ ಹಾಕಿದೆವು, ಮಳೆಯಲ್ಲಿ ಗಾಡಿ ತೆಗೆಯಲಿಲ್ಲ. ಈಗ ಚಳಿಗಾಲ, ಹಿಮ ಕರಗಿಸಲು ರಸ್ತೆಗೆ ಉಪ್ಪು ಬಿದ್ದಿದೆ, ಬ್ಯಾಟರಿ ಬಿಚ್ಚಿದೆ, ಗಾಡಿ ಸ್ಟ್ಯಾಂಡಿನ ಮೇಲಿದೆ. ಉಳಿದ 450 ಡಾಲರ್‌ನಲ್ಲಿ ಅವನು ಸ್ಪಾಟ್ ವೆಲ್ಡ್ ಕಟರ್ ತಂದಿಟ್ಟಿದ್ದಾನೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೀನಿ ಅಂದಿದ್ದೇನೆ, ಅವಲಕ್ಕಿ ಮಾಡಿಡು ಅಂತಲೂ ಹೇಳಿದ್ದೇನೆ.